ಮುರಿದರೆ ಎಲ್ಲಿ ಮುರಿಯಬೇಕು

ಟೆಕ್ ಎಂಬ ತಂತ್ರಾಂಶಕ್ಕೆ ಪ್ಯಾರಾ ಮುರಿಯಲು ಚೆನ್ನಾಗಿ ಬರುತ್ತದೆ. ಸಮೀಕರಣ ಮುರಿಯಲು ಬರುವುದಿಲ್ಲ. ಆ ಒಂದು ಕೊರತೆಯಿಂದ ನನ್ನ ಎಷ್ಟೋ ವರ್ಷಗಳ ಹೊಟ್ಟೆಪಾಡು ನಡೆಯಿತು.

ಗದ್ಯ ಕೊಟ್ಟರೆ ಅದು ಒಂದೊಂದೇ ಸಾಲು ತುಂಬಿಸಿಕೊಂಡು ಹೋಗುವುದಿಲ್ಲ. ಇಡೀ ಪ್ಯಾರಾವನ್ನು ಒಟ್ಟಿಗೆ ಮುಂದಿಟ್ಟುಕೊಂಡು, ಎಲ್ಲೆಲ್ಲಿ ಸಾಲು ಮುರಿದರೆ ಒಟ್ಟಾರೆ ಅಂತರ ಹದವಾಗಿರುತ್ತದೆ ಎಂದು ಲೆಕ್ಕ ಹಾಕುತ್ತದೆ. ಡೊನಾಲ್ಡ್ ಕನೂತ್ ಮತ್ತು ಮೈಕೆಲ್ ಪ್ಲಾಸ್ ಆ ಲೆಕ್ಕಾಚಾರವನ್ನು 1981ರಲ್ಲಿ ಪ್ರಕಟಿಸಿದರು. ಅದೇ ತಂತ್ರಾಂಶದ ಮುಂದೆ ಪುಟದ ನಡುವೆ ಬಿಡಿಯಾಗಿ ನಿಲ್ಲಿಸಿದ ಉದ್ದನೆಯ ಸಮೀಕರಣ ಬಂದರೆ ಕೈ ಚೆಲ್ಲಿಬಿಡುತ್ತದೆ. 'ಓವರ್‌ಫುಲ್' ಎಂದು ಒಂದು ಸಾಲಿನ ದೂರು ಬರೆದಿಟ್ಟು, ಸಮೀಕರಣವನ್ನು ಅಂಚಿನಾಚೆ ಚಾಚಿಕೊಳ್ಳಲು ಬಿಟ್ಟು, ಮುಂದಿನ ಪುಟಕ್ಕೆ ಹೋಗುತ್ತದೆ. ಇದು ಮರೆತು ಬಿಟ್ಟ ಕೆಲಸವೇನಲ್ಲ. ಸಮೀಕರಣವನ್ನು ಎಲ್ಲಿ ಮುರಿಯಬೇಕು ಅನ್ನುವುದು ಅದರ ಅರ್ಥ ಗೊತ್ತಿರುವವರ ತೀರ್ಮಾನ, ಯಂತ್ರದ್ದಲ್ಲ ಎಂದು ಬೇಕೆಂದೇ ಮನುಷ್ಯರಿಗೆ ಬಿಟ್ಟದ್ದು. 1990ರ ದಶಕದ ಕೊನೆಯಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಮೈಕೆಲ್ ಡೌನ್ಸ್ ಅದನ್ನೂ ಯಂತ್ರಕ್ಕೆ ಕಲಿಸಲು ಹೊರಟು ಒಂದು ಪ್ಯಾಕೇಜು ಬರೆದರು. ಬುದ್ಧಿವಂತ ಕೆಲಸ. ಆದರೂ ನಿತ್ಯದ ಪುಟಗಳಲ್ಲಿ ಕೈಯಿಂದ ಮುರಿಯುವುದು ನಿಲ್ಲಲಿಲ್ಲ.

ಬಿ.ಎಸ್ಸಿ. ಮುಗಿಸಿ ಸಾಗರದಿಂದ ಬೆಂಗಳೂರಿಗೆ ಬಂದ ನನಗೆ ಸಿಕ್ಕಿದ್ದು ಈ ಕೈಕೆಲಸ. ಹೊರದೇಶದ ಪ್ರಕಾಶಕರ ಗಣಿತ, ಭೌತವಿಜ್ಞಾನದ ಪತ್ರಿಕೆಗಳಿಗೆ ಪುಟ ಕಟ್ಟಿಕೊಡುವ ಕಂಪನಿಗಳು ಆಗ ಬೆಂಗಳೂರು, ಚೆನ್ನೈ, ಪುದುಚೇರಿ, ತಿರುವನಂತಪುರಗಳಲ್ಲಿ ಕಣ್ಣು ಬಿಡುತ್ತಿದ್ದವು. ನಮ್ಮದು ರಾಜಾಜಿನಗರದಲ್ಲಿ, ಕೆಳಗೆ ದರ್ಶಿನಿ, ಮೇಲೆ ನಾವು. ಲೇಖನಗಳ ಫೈಲು ರಾತ್ರಿ ಬಂದು ಬಿದ್ದಿರುತ್ತಿದ್ದವು; ಬೆಳಗಿನ ಶಿಫ್ಟಿನವರು ಹಂಚಿಕೊಳ್ಳುತ್ತಿದ್ದೆವು. ಹುದ್ದೆಯ ಹೆಸರು ಟೆಕ್ ಆಪರೇಟರ್. ದಿನಕ್ಕೆ ಇಷ್ಟು ಪುಟ ಎಂದು ಟಾರ್ಗೆಟ್ಟು. ಅಚ್ಚುಮೊಳೆಯ ಕಾಲದಲ್ಲಿ ಗಣಿತ ಜೋಡಿಸಲು ಮುದ್ರಕರು ಹೆಚ್ಚಿನ ದರ ಹಾಕುತ್ತಿದ್ದರಂತೆ. ನಮ್ಮ ಸೂಪರ್‌ವೈಸರರಿಗೆ ಆ ಇತಿಹಾಸ ಗೊತ್ತಿರಲಿಲ್ಲ. ಅವರ ಲೆಕ್ಕಕ್ಕೆ ಪುಟವೆಂದರೆ ಪುಟ, ಅದರಲ್ಲಿ ಪೀಠಿಕೆ ಇದ್ದರೂ ಅಷ್ಟೇ, ಹದಿನಾರು ಸಾಲಿನ ಅಸಮತೆ ಇದ್ದರೂ ಅಷ್ಟೇ.

ಕನೂತ್ ಕಥೆಯನ್ನು ಸೇರಿದ ವಾರವೇ ಯಾರೋ ಹೇಳಿದ್ದರು, ಈ ಲೈನಿನಲ್ಲಿ ಎಲ್ಲರಿಗೂ ಯಾರೋ ಹೇಳಿಯೇ ಇರುತ್ತಾರೆ. ಅವರ ದೊಡ್ಡ ಪುಸ್ತಕದ ಮೊದಲ ಸಂಪುಟ 1968ರಲ್ಲಿ ಸೀಸದ ಮೊಳೆಯಲ್ಲಿ, ಮಾನೋಟೈಪ್ ಯಂತ್ರದಲ್ಲಿ ಜೋಡಣೆಯಾಗಿ ಬಂದಿತ್ತು. 1977ರಲ್ಲಿ ಎರಡನೇ ಸಂಪುಟದ ಹೊಸ ಆವೃತ್ತಿಯ ಪ್ರೂಫು ಕೈಗೆ ಬಂದಾಗ ಕಾಲ ಬದಲಾಗಿತ್ತು. ಸೀಸ ಹೋಗಿ ಫೋಟೋ ಟೈಪ್‌ಸೆಟ್ಟಿಂಗ್ ಬಂದಿತ್ತು. ಪುಟಗಳು ಅವರ ಕಣ್ಣಿಗೆ ಹಿಡಿಸಲಿಲ್ಲ. ತಾನೇ ಒಂದು ವ್ಯವಸ್ಥೆ ಬರೆದುಬಿಡೋಣ, ಬೇಗ ಮುಗಿಯುತ್ತದೆ ಎಂದುಕೊಂಡು ಕೂತ ಕೆಲಸ ಹತ್ತು ವರ್ಷ ಹಿಡಿಯಿತು. ಆ ವ್ಯವಸ್ಥೆಯೇ ಟೆಕ್. ನಾವು ಈ ಕಥೆಯನ್ನು ಸಂಬಳ ತಡವಾದ ತಿಂಗಳುಗಳಲ್ಲಿ ಬೇರೆ ದನಿಯಲ್ಲಿ ಹೇಳಿಕೊಳ್ಳುತ್ತಿದ್ದೆವು: ಆ ಮನುಷ್ಯನಿಗೆ ಒಂದು ಪ್ರೂಫ್ ಇಷ್ಟವಾಗಲಿಲ್ಲ ಅಂತ ನಾವಿಲ್ಲಿ ಕೂತಿದ್ದೀವಿ.

ನಮ್ಮ ದಿನದ ಕೆಲಸವೆಲ್ಲ ಒಂದು ಚಿಹ್ನೆಯ ಸುತ್ತ. ಕೀಲಿಮಣೆಯಲ್ಲಿ ಏಳರ ತಲೆಯ ಮೇಲಿರುವ &. ಅದನ್ನು ಅಲ್ಲಿ ಯಾರೂ ಪೂರ್ತಿ ಹೆಸರಿನಿಂದ ಕರೆಯುತ್ತಿರಲಿಲ್ಲ, 'ಆಂಡ್' ಅಷ್ಟೇ. "ಮೂರನೇ ಲೈನಲ್ಲಿ ಆಂಡ್ ಬಿಟ್ಟೋಗಿದೆ ನೋಡೇ" ಎಂದು ಪಕ್ಕದ ಸೀಟಿನವಳು ಕೂಗುತ್ತಿದ್ದಳು. ಹೈಸ್ಕೂಲಿನ ಒಂದು ಸೂತ್ರವನ್ನೇ ತೆಗೆದುಕೊಳ್ಳಿ, ಸುಲಭ ಮಾಡಿ ಬರೆಯುತ್ತೇನೆ:

(ಅ + ಬ)² & = (ಅ + ಬ)(ಅ + ಬ) \\
& = ಅ² + ಅಬ + ಬಅ + ಬ² \\
& = ಅ² + 2ಅಬ + ಬ²

ಜೋಡಿ ಓರೆಗೆರೆ ಎಂದರೆ ಸಾಲು ಮುಗಿಯಿತು. ಆಂಡ್ ಎಂದರೆ ಇಲ್ಲೊಂದು ಕಾಣದ ಲಂಬ ಗೆರೆ ಇದೆ, ಎಡಗಡೆಯದೆಲ್ಲ ಅದಕ್ಕೆ ಬಲದಿಂದ ಒತ್ತಿಕೊಳ್ಳಲಿ, ಬಲಗಡೆಯದೆಲ್ಲ ಎಡದಿಂದ ಒತ್ತಿಕೊಳ್ಳಲಿ ಎಂದರ್ಥ. ಎರಡನೇ, ಮೂರನೇ ಸಾಲಿನಲ್ಲಿ ಆಂಡ್‌ನ ಎಡಕ್ಕೆ ಏನೂ ಇಲ್ಲ. ಆ ಖಾಲಿಯೇ ಓದುಗರಿಗೆ 'ಮೇಲಿನದೇ ಮುಂದುವರಿದಿದೆ' ಎಂದು ಹೇಳುತ್ತದೆ. ಇಷ್ಟನ್ನು ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ಕಲಿಯಬಹುದು. ಆಂಡ್ ಅನ್ನು = ಚಿಹ್ನೆಯ ಮುಂಚೆ ಇಡಬೇಕೋ ಆಮೇಲೋ ಅನ್ನುವಲ್ಲಿಂದ ತಂಟೆ ಶುರು.

ಆಮೇಲೆ ಇಟ್ಟರೆ ಪುಟ ಕೆಡುವುದಿಲ್ಲ, ಎರರ್ ಬರುವುದಿಲ್ಲ, ಸಾಲುಗಳು ಸರಿಯಾಗಿಯೇ ಒಂದರ ಕೆಳಗೊಂದು ಕೂರುತ್ತವೆ. ಆದರೆ ಭೂತಗನ್ನಡಿ ಹಿಡಿದು ನೋಡಿದರೆ = ಚಿಹ್ನೆ ತನ್ನ ಬಲಗಡೆಯ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ಟೆಕ್ ಯಾವುದೇ ಚಿಹ್ನೆಯ ಆಚೀಚೆ ಎಷ್ಟು ಜಾಗ ಬಿಡಬೇಕೆನ್ನುವುದನ್ನು ಆ ಚಿಹ್ನೆಯ ಜಾತಿ ಮತ್ತು ಅದರ ನೆರೆಹೊರೆ ನೋಡಿ ತೀರ್ಮಾನಿಸುತ್ತದೆ. ಆಂಡ್ ಬಂದಲ್ಲಿ ಮನೆ ಮುಗಿಯಿತು, = ಚಿಹ್ನೆಗೆ ಬಲಗಡೆ ನೆರೆಯವರೇ ಇಲ್ಲ, ಹಾಗಾಗಿ ಜಾಗವೂ ಇಲ್ಲ. ಮುಂಚೆ ಇಟ್ಟರೆ ಈ ತೊಂದರೆಯಿಲ್ಲ; 'ಅಲೈನ್' ಎನ್ನುವ ಆದೇಶ ಬಲಗಡೆ ಮನೆಯ ಬಾಗಿಲಲ್ಲಿ ಕಾಣದ ಖಾಲಿ ಪದವೊಂದನ್ನು ತಾನೇ ಕೂರಿಸಿರುತ್ತದೆ, = ಅದನ್ನು ನೆರೆಯವನೆಂದು ನಂಬಿ ಜಾಗ ಬಿಡುತ್ತದೆ. ಕೂಡು ಚಿಹ್ನೆಯದೂ ಇದೇ ಕಥೆ. ಎಡಗಡೆ ಏನಾದರೂ ಇದ್ದರೆ + ಎಂದರೆ ಕೂಡುವುದು, ಎರಡೂ ಕಡೆ ಉಸಿರಾಡಲು ಜಾಗ. ಎಡಗಡೆ ಏನೂ ಇಲ್ಲದಿದ್ದರೆ ಅದು ಧನ ಚಿಹ್ನೆ, ಸಂಖ್ಯೆಯ ಹಣೆಗೆ ಅಂಟಿಕೊಳ್ಳುತ್ತದೆ. ಮುರಿದ ಸಾಲಿನ ತಲೆಯಲ್ಲಿ ಬಂದ + ಯಾವುದು? ಕೂಡುವುದೇ. ಯಂತ್ರಕ್ಕೆ ಅದು ಗೊತ್ತಾಗದ ಕಡೆ ನಾವು ಹಿಂದೆ ಖಾಲಿ ಪುಷ್ಪಾವರಣವೊಂದನ್ನು ಬರೆದು ಹೇಳಬೇಕು.

ಈ ಸೂಕ್ಷ್ಮವನ್ನೆಲ್ಲ ನನಗೆ ಕಲಿಸಿದ್ದು ಕಂಪನಿಯ ಟ್ರೈನಿಂಗ್ ಅಲ್ಲ, ಪ್ರೂಫ್ ನೋಡುತ್ತಿದ್ದ ಮೇಷ್ಟ್ರು. ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ಕಿಟಕಿ ಪಕ್ಕದ ಮೇಜು, ಕೆಂಪು ಪೆನ್ನು, ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಪ್ರಿಂಟ್ ತೆಗೆದು ಕೊಟ್ಟರೆ ಮೊದಲು ಕೈಯಳತೆ ದೂರದಲ್ಲಿ ಹಿಡಿದು ಅಕ್ಷರ ಓದದೆ ಬರೀ ಆಕಾರ ನೋಡುತ್ತಿದ್ದರು. ಅಲ್ಲೇ ಅರ್ಧ ತಪ್ಪು ಸಿಗುತ್ತಿತ್ತು. ಅವರ ಮೇಜಿನ ಮೇಲೆ ಎರಡು ಜೆರಾಕ್ಸ್ ಪ್ರತಿಗಳಿದ್ದವು: ಗಣಿತದ ಮುದ್ರಣದ ಬಗ್ಗೆ ಆಕ್ಸ್‌ಫರ್ಡ್ 1954ರಲ್ಲಿ ತಂದ, ಚಾಂಡಿ ಮತ್ತಿಬ್ಬರು ಬರೆದ ಪುಸ್ತಕ, ಎಲೆನ್ ಸ್ವಾನ್ಸನ್ 1971ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಗೆ ಬರೆದ ಕೈಪಿಡಿ. ಎರಡೂ ಕಂಪ್ಯೂಟರ್ ಕಾಲಕ್ಕಿಂತ ಹಿಂದಿನವು. ಮೇಷ್ಟ್ರಿಗೆ ಅದರ ಚಿಂತೆಯಿರಲಿಲ್ಲ.

"ಲೈನ್ ಮಧ್ಯದಲ್ಲಿ ಓದ್ತಾ ಹೋಗುವಾಗ ಸಮಚಿಹ್ನೆ ಸಾಲಿನ ಕೊನೇಲಿರಲಿ ಬಿಡು. ಇನ್ನೂ ಇದೆ, ಕೆಳಗೆ ಬಾ ಅಂತ ಕರಿಯುತ್ತೆ. ಡಿಸ್ಪ್ಲೇಲಿ, ಅಂದ್ರೆ ಬಿಡಿಯಾಗಿ ನಿಲ್ಲಿಸಿದ ಸಮೀಕರಣದಲ್ಲಿ, ಹಾಗಲ್ಲಮ್ಮ. ಅಲ್ಲಿ ಓದುವವನ ಕಣ್ಣು ಎಡ ಅಂಚಲ್ಲಿ ಇಳೀತಾ ಬರುತ್ತೆ. ಪ್ರತಿ ಸಾಲೂ ತಾನೇನು ಮಾಡ್ತಿದ್ದೀನಿ ಅಂತ ಮೊದಲು ಹೇಳಬೇಕು. ಸಮ, ಸಮ, ಚಿಕ್ಕದು, ಸಮ. ಅಷ್ಟನ್ನೇ ಓದಿಕೊಂಡು ಬಂದರೂ ವಾದ ಅರ್ಥ ಆಗಬೇಕು."

ಅದಾದ ಮೇಲೆ ನಾನು ಹಾಗೇ ಓದಲು ಶುರುಮಾಡಿದೆ. ನನ್ನ ಬಿ.ಎಸ್ಸಿ. ಗಣಿತಕ್ಕೆ ನಿಲುಕದ ಲೇಖನಗಳವು, ಭಾಗಶಃ ಅವಕಲ ಸಮೀಕರಣಗಳ ಮೇಲೆ ಪುಟಗಟ್ಟಲೆ ಅಂದಾಜುಗಳು. ಒಳಗೇನಿದೆ ಗೊತ್ತಿಲ್ಲ, ಆದರೆ ಎಡ ಅಂಚಿನ ಚಿಹ್ನೆಗಳನ್ನು ಮೇಲಿಂದ ಕೆಳಗೆ ಓದಿದರೆ ಲೇಖಕರು ಎಲ್ಲಿ ಸುಮ್ಮನೆ ಬಿಡಿಸಿ ಬರೆದಿದ್ದಾರೆ, ಎಲ್ಲಿ ಏನೋ ಕಳೆದುಕೊಂಡು 'ಇದಕ್ಕಿಂತ ಹೆಚ್ಚಿಲ್ಲ' ಎಂದಿದ್ದಾರೆ, ಅದು ತಿಳಿಯುತ್ತಿತ್ತು. ಆರು ಸಾಲು =, ಒಂದು ≤, ಮತ್ತೆ ಎರಡು =. ಆ ಒಂದು ≤ ಇರುವ ಸಾಲಲ್ಲೇ ಲೇಖನದ ಜೀವ ಇರುತ್ತದೆ. ಅದನ್ನು ಪುಟದ ತುದಿಗೆ ಬರದಂತೆ, ಹಿಂದಿನ ಸಾಲಿನ ಬಾಲದಲ್ಲಿ ಹುದುಗದಂತೆ ನೋಡಿಕೊಳ್ಳುವುದು ನನ್ನ ಕೈಲಿತ್ತು. ಗಣಿತ ಗೊತ್ತಿಲ್ಲದೆ ಗಣಿತಕ್ಕೆ ಮಾಡಬಹುದಾದ ಉಪಕಾರ ಇದಕ್ಕಿಂತ ದೊಡ್ಡದು ನನಗೆ ಬೇರೆ ಕಂಡಿಲ್ಲ.

= ಚಿಹ್ನೆಯ ಬಳಿ ಮುರಿದರೂ ಹಿಡಿಸದಿದ್ದರೆ + ಅಥವಾ − ಬಳಿ ಮುರಿಯಬೇಕು; ಆದರೆ ಆ ಸಾಲು = ಚಿಹ್ನೆಗಿಂತ ಬಲಕ್ಕೆ ಸರಿದು ಕೂರಬೇಕು, ಇಲ್ಲದಿದ್ದರೆ ಕೂಡು ಚಿಹ್ನೆಯೂ ಸಮಚಿಹ್ನೆಯೂ ಒಂದೇ ಅಂತಸ್ತಿನವು ಎಂಬ ಭ್ರಮೆಯಾಗುತ್ತದೆ. ಗುಣಾಕಾರದ ನಡುವೆ ಮುರಿಯಲೇಬೇಕಾಗಿ ಬಂದರೆ × ಚಿಹ್ನೆಯನ್ನು ಬಾಯಿಬಿಟ್ಟು ಬರೆಯಬೇಕು. ಅಕ್ಕಪಕ್ಕ ಇದ್ದಾಗ ಗುಣಾಕಾರವೆಂದು ತಾನಾಗಿ ತಿಳಿಯುವುದು ಮೇಲೆ ಕೆಳಗೆ ಆದಾಗ ತಿಳಿಯುವುದಿಲ್ಲ. ಆವರಣದೊಳಗೆ ಮಾತ್ರ ಆದಷ್ಟೂ ಕೈಹಾಕಬಾರದು.

ಹಾಕದೆ ಬೇರೆ ದಾರಿಯಿರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಭೌತವಿಜ್ಞಾನದ ಪತ್ರಿಕೆಗಳು ಎರಡು ಕಾಲಮ್ಮಿನವು. ಲೇಖಕರು ಅಗಲ ಪುಟದಲ್ಲಿ ಆರಾಮಾಗಿ ಬರೆದು ಕಳಿಸಿದ ಸಮೀಕರಣವನ್ನು ನಾವು ಮೂರೂಕಾಲು ಇಂಚು ಚಿಲ್ಲರೆಯ ಕಾಲಮ್ಮಿಗೆ ಇಳಿಸಬೇಕು. ಆವರಣ ತೆರೆದು ಮುಚ್ಚುವಷ್ಟರಲ್ಲಿ ಎರಡು ಸಲ ಅಂಚು ದಾಟಿರುತ್ತಿತ್ತು. ಒಳಗಿರುವುದರ ಎತ್ತರ ನೋಡಿಕೊಂಡು ಆವರಣವನ್ನು ತಾನೇ ಹಿಗ್ಗಿಸುವ 'ಲೆಫ್ಟ್', 'ರೈಟ್' ಎಂಬ ಜೋಡಿ ಆದೇಶಗಳಿವೆ. ಆ ಜೋಡಿ ಒಂದೇ ಮನೆಯಲ್ಲಿರಬೇಕು, ಆಂಡ್ ದಾಟುವಂತಿಲ್ಲ, ಸಾಲು ಬದಲಿಸುವಂತಿಲ್ಲ. ಮುರಿಯಲೇಬೇಕಾದರೆ ಮೊದಲ ಸಾಲಿನ ಕೊನೆಗೆ ಕಾಣದ ಮುಚ್ಚುವ ಆವರಣ, ಎರಡನೇ ಸಾಲಿನ ತಲೆಗೆ ಕಾಣದ ತೆರೆಯುವ ಆವರಣ ಹಾಕಿ ಸಮಾಧಾನ ಮಾಡಬೇಕು. ಆಗ ಇನ್ನೊಂದು ಎಡವಟ್ಟು: ಮೊದಲ ಸಾಲಿನಲ್ಲಿ ಸಂಕಲನದ ದೊಡ್ಡ ಸಿಗ್ಮಾ ಇದ್ದರೆ ತೆರೆಯುವ ಆವರಣ ಆಳೆತ್ತರ, ಎರಡನೇ ಸಾಲಿನಲ್ಲಿ ಬರೀ ಪುಟ್ಟ ಅಕ್ಷರಗಳಿದ್ದರೆ ಮುಚ್ಚುವ ಆವರಣ ಗಿಡ್ಡ. ಗಂಡ ಹೆಂಡತಿ ಬೇರೆ ಬೇರೆ ಊರಲ್ಲಿ ಬೆಳೆದ ಹಾಗೆ ಕಾಣುತ್ತಿದ್ದವು. ಇದಕ್ಕೆ 'ಫ್ಯಾಂಟಮ್' ಅಂತ ಒಂದು ಆದೇಶ: ಅಕ್ಷರ ಅಚ್ಚಾಗುವುದಿಲ್ಲ, ಅದರ ಜಾಗ ಮಾತ್ರ ಉಳಿಯುತ್ತದೆ. ಎರಡನೇ ಸಾಲಿನಲ್ಲಿ ಸಿಗ್ಮಾದ ದೆವ್ವವೊಂದನ್ನು ನಿಲ್ಲಿಸಿದರೆ ಆವರಣ ಅದರ ಎತ್ತರಕ್ಕೆ ಎದ್ದು ನಿಲ್ಲುತ್ತದೆ. ನೈಟ್ ಶಿಫ್ಟಿನ ಹುಡುಗರು ಫೈಲುಗಳಲ್ಲಿ ಟಿಪ್ಪಣಿ ಬರೆಯುತ್ತಿದ್ದರು: 'ಇಲ್ಲಿ ದೆವ್ವ ಇದೆ, ಓಡಿಸಬೇಡಿ.'

ಹಳೆಯ ಲೇಖಕರ ಫೈಲುಗಳಲ್ಲಿ ಬೇರೆಯದೇ ಒಂದು ಪಿಡುಗು. ಲೆಸ್ಲಿ ಲ್ಯಾಂಪೋರ್ಟ್ ಟೆಕ್ ಮೇಲೆ ಲೇಟೆಕ್ ಕಟ್ಟಿದಾಗ ಹಲವು ಸಾಲಿನ ಸಮೀಕರಣಕ್ಕೆಂದು 'ಈಕ್ಯೂಎನ್‌ಅರೇ' ಕೊಟ್ಟಿದ್ದರು. ಅದರಲ್ಲಿ = ಚಿಹ್ನೆಗೇ ಒಂದು ಪ್ರತ್ಯೇಕ ಕಂಬ, ಆಚೆಗೊಂದು ಈಚೆಗೊಂದು ಆಂಡ್. ಹತ್ತು ಪಾಯಿಂಟಿನ ಅಕ್ಷರದಲ್ಲಿ ಸಮಚಿಹ್ನೆಯ ಆಚೀಚೆ ಸಾಮಾನ್ಯವಾಗಿ ಇರುವುದು 2.8 ಪಾಯಿಂಟ್‌ನಷ್ಟು ಜಾಗ. ಈಕ್ಯೂಎನ್‌ಅರೇ ಒಂದೊಂದು ಕಡೆ ಹತ್ತು ಪಾಯಿಂಟ್ ಬಿಡುತ್ತದೆ. ಒಂದೇ ಪುಟದಲ್ಲಿ ಒಂದು ಸಮೀಕರಣ ಬಿಗಿಯಾಗಿ, ಕೆಳಗಿನದು ಬಾಯಿ ಬಿಟ್ಟುಕೊಂಡು. ಅದನ್ನಾದರೂ ಸಹಿಸಬಹುದು. ಸಾಲು ಉದ್ದವಾದರೆ ಬಲ ಅಂಚಿನ ಸಮೀಕರಣ ಸಂಖ್ಯೆಯ ಮೇಲೇ ಹತ್ತಿ ಅಚ್ಚಾಗುತ್ತಿತ್ತು, ದೂರೂ ಹೇಳದೆ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪ್ಯಾಕೇಜಿನ 'ಅಲೈನ್' ಇವೆರಡನ್ನೂ ಸರಿಮಾಡಿತ್ತು: ಅಂತರ ಮಾಮೂಲಿನದು, ಜಾಗ ಸಾಲದಿದ್ದರೆ ಸಂಖ್ಯೆಯೇ ಬೇರೆ ಸಾಲಿಗೆ ಸರಿಯುತ್ತದೆ. ಆದರೂ ಜನ ಬಿಡಲಿಲ್ಲ. ಗೈಡ್ ಕೊಟ್ಟ ಫೈಲನ್ನು ಶಿಷ್ಯ, ಅವನ ಫೈಲನ್ನು ಅವನ ಶಿಷ್ಯ, ಹೀಗೆ ಈಕ್ಯೂಎನ್‌ಅರೇ ಗುರುಪರಂಪರೆಯಲ್ಲಿ ಇಳಿದು ಬರುತ್ತಿತ್ತು. 2006ರಲ್ಲಿ ಡೆನ್ಮಾರ್ಕಿನ ಲಾರ್ಸ್ ಮ್ಯಾಡ್ಸನ್ 'ಇದನ್ನು ಬಳಸಬೇಡಿ' ಎಂದು ಕಾರಣ ಸಮೇತ ಒಂದು ಲೇಖನವನ್ನೇ ಬರೆದರು. ಅದರ ಪ್ರಿಂಟನ್ನು ನಾವು ನೀರಿನ ಫಿಲ್ಟರ್ ಮೇಲೆ ಅಂಟಿಸಿದೆವು. ಲೇಖಕರು ಓದುವ ಜಾಗವಲ್ಲ, ಸರಿ. ನಮ್ಮ ಕೋಪಕ್ಕೆ ಒಂದು ವಿಳಾಸ ಬೇಕಿತ್ತು.

ಸಮಚಿಹ್ನೆ ಒಂದರ ಕೆಳಗೊಂದು ಬರಬೇಕೆನ್ನುವುದನ್ನು ನಾನು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಹೈಸ್ಕೂಲಿನಲ್ಲಿ ನಮ್ಮ ಗಣಿತದ ಟೀಚರು ಬೋರ್ಡಿನ ಮೇಲೆ ಮೊದಲು ಸಮಚಿಹ್ನೆಗಳನ್ನೇ ಉದ್ದಕ್ಕೆ ಇಳಿಸಿ ಬರೆದುಬಿಡುತ್ತಿದ್ದರು, ಆಮೇಲೆ ಬಲಗಡೆ ತುಂಬಿಸುತ್ತಿದ್ದರು. ಎಷ್ಟು ಹೆಜ್ಜೆಗೆ ಉತ್ತರ ಬರುತ್ತದೆಂದು ಅವರಿಗೆ ಮೊದಲೇ ಗೊತ್ತು ಎಂಬ ಬೆರಗಿನಲ್ಲೇ ನಾವು ಅರ್ಧ ಪಾಠ ಕಳೆದುಕೊಳ್ಳುತ್ತಿದ್ದೆವು. ಸಮಚಿಹ್ನೆ ಅಡ್ಡಾದಿಡ್ಡಿಯಾದರೆ ಸ್ಟೆಪ್ ಮಾರ್ಕ್ಸ್ ಕೊಡುವವರಿಗೆ ಸ್ಟೆಪ್ಪೇ ಕಾಣುವುದಿಲ್ಲ ಎಂದು ಬೈಯುತ್ತಿದ್ದರು.

ಆ ಎರಡು ಪುಟ್ಟ ಸಮಾಂತರ ಗೆರೆಗಳೇ ಬಹಳ ಹಳೆಯವೇನಲ್ಲ. ವೇಲ್ಸ್‌ನ ರಾಬರ್ಟ್ ರೆಕಾರ್ಡ್ 1557ರಲ್ಲಿ ಅಚ್ಚಾದ ತನ್ನ ಬೀಜಗಣಿತದ ಪುಸ್ತಕದಲ್ಲಿ, ಪದೇ ಪದೇ 'ಸಮವಾಗಿದೆ' ಎಂದು ಬರೆದು ಬೇಸತ್ತು ಅವನ್ನು ಹುಟ್ಟಿಸಿದ. ಅದಕ್ಕೂ ನಾಲ್ಕು ಶತಮಾನ ಮುಂಚೆ ನಮ್ಮಲ್ಲಿ ಸಮಚಿಹ್ನೆಯಿಲ್ಲದೆ ಕೆಲಸ ನಡೆಯುತ್ತಿತ್ತು ಎಂದು ತೋರಿಸಿಕೊಟ್ಟವರು ಮೇಷ್ಟ್ರೇ, ಒಂದು ಮಧ್ಯಾಹ್ನ ಸರ್ವರ್ ಕೆಟ್ಟು ಎಲ್ಲರೂ ಸುಮ್ಮನೆ ಕೂತಿದ್ದಾಗ. ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಒಂದು ಲೆಕ್ಕವಿದೆ. ಒಬ್ಬನ ಬಳಿ ಮುನ್ನೂರು ರೂಪಗಳು, ಆರು ಕುದುರೆ. ಇನ್ನೊಬ್ಬನ ಬಳಿ ಹತ್ತು ಕುದುರೆ, ಮೇಲೆ ನೂರರ ಸಾಲ. ಇಬ್ಬರ ಆಸ್ತಿಯೂ ಸಮ, ಕುದುರೆಯ ಬೆಲೆಯೇನು? ಮೇಷ್ಟ್ರು ಪ್ರೂಫ್ ಹಾಳೆಯ ಹಿಂದೆ ಬರೆದರು:

ಯಾ 6  ರೂ 300
ಯಾ 10  ರೂ 100

ಕೆಳಗಿನ ನೂರರ ನೆತ್ತಿಗೆ ಒಂದು ಚುಕ್ಕೆ ಇಟ್ಟರು. ಚುಕ್ಕೆಯೆಂದರೆ ಸಾಲ, ಋಣ. 'ಯಾ' ಎಂದರೆ ಯಾವತ್ತಾವತ್, ಗೊತ್ತಿಲ್ಲದ ಬೆಲೆ. ಮೇಲಿನದು ಒಂದು ಪಕ್ಷ, ಕೆಳಗಿನದು ಇನ್ನೊಂದು ಪಕ್ಷ, ನಡುವೆ ಚಿಹ್ನೆಯೇ ಇಲ್ಲ. ಒಂದರ ಕೆಳಗೊಂದು ಇಟ್ಟಿರುವುದೇ ಸಮ ಎನ್ನುವುದರ ಗುರುತು. ಯಾ ಕೆಳಗೆ ಯಾ, ರೂ ಕೆಳಗೆ ರೂ. ಒಂದು ಪಕ್ಷದಲ್ಲಿ ಯಾವುದಾದರೂ ಪದ ಇಲ್ಲದಿದ್ದರೆ ಆ ಜಾಗಕ್ಕೆ ಸೊನ್ನೆ ಇಡುತ್ತಿದ್ದರು, ಕಂಬ ತಪ್ಪದಿರಲಿ ಎಂದು. "ನೋಡಮ್ಮ, ನೀನು ಫ್ಯಾಂಟಮ್ ಅಂತ ಹಾಕ್ತೀಯಲ್ಲ, ಅವರು ಸೊನ್ನೆ ಹಾಕ್ತಿದ್ರು." ಕುದುರೆಗೆ ನೂರು ಎಂದು ನಾನು ಬಾಯಲ್ಲೇ ಬಿಡಿಸಿದೆ. ಕಂಬಗಳು ಅಷ್ಟು ಚೊಕ್ಕವಾಗಿ ನಿಂತಿದ್ದರೆ ಕಳೆಯುವುದು ಬಿಟ್ಟು ಮಾಡಲು ಇನ್ನೇನೂ ಉಳಿದಿರುವುದಿಲ್ಲ.

ಎಲ್ಲವನ್ನೂ ಸಾಲಾಗಿ ನಿಲ್ಲಿಸುವ ಚಟ ಹತ್ತಿದವರ ಬಗ್ಗೆ ಮೇಷ್ಟ್ರಿಗೆ ಅಸಹನೆಯಿತ್ತು. ಒಮ್ಮೆ ಒಬ್ಬ ಲೇಖಕರು ಐದು ಸಾಲುಗಳನ್ನು ಒಂದೇ ಅಲೈನ್ ಒಳಗೆ ಹಾಕಿ ಕಳಿಸಿದ್ದರು. ಮೊದಲ ಮೂರು ಸಾಲು ಒಂದು ಸಾಧನೆಯ ಸರಪಳಿ, ಒಂದರಿಂದ ಒಂದು ಹುಟ್ಟುವುದು. ಉಳಿದೆರಡು ಬೇರೆ ಬೇರೆ ಅಕ್ಷರಗಳ ವ್ಯಾಖ್ಯೆ, ಅವಕ್ಕೂ ಮೇಲಿನದಕ್ಕೂ ಸಂಬಂಧವಿಲ್ಲ. ಸಮಚಿಹ್ನೆ ಮಾತ್ರ ಐದೂ ಒಂದೇ ಗೆರೆಯಲ್ಲಿ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಮೂರನೇ ಸಾಲಿನ ಕೆಳಗೆ ಗೆರೆ ಎಳೆದು, ಲೇಖಕರಿಗೆ ಕಳಿಸುವ ಪ್ರಶ್ನೆಪಟ್ಟಿಯಲ್ಲಿ 'ಇಲ್ಲಿ ಒಂದು ಮಾತು ಬೇಕಲ್ಲವೇ?' ಎಂದು ಬರೆಸಿದರು. ಲೇಖಕರು ಎರಡೇ ಪದ ಸೇರಿಸಿ ಕಳಿಸಿದರು, 'ಇಲ್ಲಿ' ಎಂಬರ್ಥದಲ್ಲಿ. ಸಾಲಿನ ಓರಣ ಕೆಡಿಸದೆ ನಡುವೆ ಮಾತು ಸೇರಿಸಲು 'ಇಂಟರ್‌ಟೆಕ್ಸ್ಟ್' ಎಂಬ ಆದೇಶವಿದೆ. ನಾನು ಅದನ್ನು ಹಾಕಹೊರಟಾಗ ಮೇಷ್ಟ್ರು ತಡೆದರು. ಅದು ಸರಪಳಿ ಮುಂದುವರಿಯುವ ಕಡೆಗೆ. ಇವು ಬೇರೆ ಸಂಸಾರ, ಬೇರೆ ಅಲೈನ್ ಕೊಡು. ಹಾಗೆ ಬೇರೆ ಮಾಡಿದಾಗ ಎರಡು ಗುಂಪಿನ ಸಮಚಿಹ್ನೆಗಳು ಒಂದಕ್ಕೊಂದು ಸೇರದೆ ಕಣ್ಣಿಗೆ ಸ್ವಲ್ಪ ಒಡ್ಡೊಡ್ಡಾಗಿ ಕಂಡವು. ಕಾಣಲಿ ಅಂದರು. ಅಂದದ ಬಗ್ಗೆ ಅವರಷ್ಟು ಹಟ ಹಿಡಿಯುವವರನ್ನು ನಾನು ನೋಡಿರಲಿಲ್ಲ, ಅರ್ಥಕ್ಕಾಗಿ ಅಂದವನ್ನು ಅಷ್ಟು ಸಲೀಸಾಗಿ ಬಿಟ್ಟುಕೊಡುವವರನ್ನೂ.

ಚಿಕ್ಕಪ್ಪ ಒಮ್ಮೆ ಬೆಂಗಳೂರಿಗೆ ಬಂದಾಗ ಆಫೀಸು ನೋಡಬೇಕೆಂದರು. ಅವರು ಊರಿನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. ಮದುವೆ ಕರೆಯೋಲೆ, ಸೊಸೈಟಿ ವರದಿ, ವರ್ಷಕ್ಕೊಮ್ಮೆ ಶಾಲೆಗಳ ಪ್ರಶ್ನೆಪತ್ರಿಕೆ. ಭಿನ್ನರಾಶಿ ಬಂದರೆ ಮೇಲೊಂದು ಮೊಳೆ, ನಡುವೆ ಹಿತ್ತಾಳೆ ಗೆರೆ, ಕೆಳಗೊಂದು ಮೊಳೆ, ಅಕ್ಕಪಕ್ಕದ ಸಾಲು ಸಮಮಾಡಲು ಚೂರು ಲೆಡ್ಡು. ಕೈ ತಪ್ಪಿದರೆ ಇಡೀ ಗ್ಯಾಲಿ ಚೆಲ್ಲಾಪಿಲ್ಲಿ. ನನ್ನ ಪರದೆಯ ಮೇಲೆ ಒಂದು ಸಾಲನ್ನು ಬಲಕ್ಕೆ ಸರಿಸಲು ನಾನು 'ಕ್ವಾಡ್' ಎಂದು ಟೈಪು ಮಾಡಿದ್ದನ್ನು ಓದಿ, "ಅರೆ, ಇದಿನ್ನೂ ಇದ್ಯಾ!" ಎಂದರು. ಅವರ ಕೇಸಿನಲ್ಲಿ ಅದು ಅಕ್ಷರವಿಲ್ಲದ ಸೀಸದ ತುಂಡು. ಆಮೇಲೆ ಅವರಿಗೆ ಬೇರೆ ಏನೂ ವಿವರಿಸಬೇಕಾಗಲಿಲ್ಲ. ಕೆಳಗಿಳಿದು ಖಾಲಿ ದೋಸೆ ತಿನ್ನುವಾಗ ಕೇಳಿದ್ದು ಒಂದೇ: ಇದಕ್ಕೆ ಪುಟಕ್ಕೆಷ್ಟು ಕೊಡ್ತಾರೆ? ಹೇಳಿದೆ. ಅವರು ಇನ್ನೊಂದು ಕಾಫಿ ಹೇಳಿದರು.

ಆ ಕಂಪನಿ ಬಿಟ್ಟು ಬಹಳ ಕಾಲವಾಯಿತು. ಈಗ ಮನೆಯಿಂದಲೇ ಕನ್ನಡದ ವಿಜ್ಞಾನ ಪುಸ್ತಕಗಳ ಪುಟ ಕಟ್ಟುತ್ತೇನೆ. 2004ರಲ್ಲಿ ಜೀಟೆಕ್ ಬಂದ ಮೇಲೆ ಯೂನಿಕೋಡ್ ಕನ್ನಡವನ್ನು ನೇರವಾಗಿ ಬರೆದು ಗಣಿತದ ಜೊತೆ ಸೇರಿಸುವ ದಾರಿ ತೆರೆಯಿತು. ಕನ್ನಡಕ್ಕೆ ಬಂದ ಮೇಲೆ ಮೇಷ್ಟ್ರ ಪಾಠದಲ್ಲಿ ಇಲ್ಲದ ತೊಡಕುಗಳು ಎದುರಾದವು. ಮೊದಲನೆಯದು ಒತ್ತಕ್ಷರ. ಅಲೈನ್‌ನ ಎರಡು ಸಾಲುಗಳ ನಡುವೆ ಟೆಕ್ ಹೆಚ್ಚುವರಿಯಾಗಿ ಬಿಡುವ ಜಾಗ ಮೂರು ಪಾಯಿಂಟ್. ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ ಸಾಲಿನ ಕೊನೆಗೆ 'ಧನಾತ್ಮಕವಾಗಿದ್ದಾಗ' ಎಂಬ ಷರತ್ತು ಬಂದರೆ ಮಕಾರದೊತ್ತು ದಕಾರದೊತ್ತು ಕೆಳಗಿಳಿದು, ಮುಂದಿನ ಸಾಲಿನ ಭಿನ್ನರಾಶಿಯ ಮಂಡೆಗೆ ಮುಟ್ಟಿಬಿಡುತ್ತವೆ. ಇದಕ್ಕೆ ಜಾಗ ಹೆಚ್ಚಿಸಿದರೆ ಆಯಿತು.

ಎರಡನೆಯದು ಹಾಗೆ ಆಗಿಹೋಗುವಂಥದಲ್ಲ. ಇಂಗ್ಲಿಷ್ ಗಣಿತದಲ್ಲಿ ಕ್ರಿಯಾಪದ ಮೊದಲು ಬಂದು ಹೋಗಿರುತ್ತದೆ. ಸಮೀಕರಣ ವಾಕ್ಯದ ಕೊನೆಗೆ ಬರುತ್ತದೆ, ಪೂರ್ಣವಿರಾಮವನ್ನು ಕೊನೆಯ ಸಾಲಿನ ಬಾಲಕ್ಕೇ ಇಟ್ಟರೆ ಮುಗಿಯಿತು. ನಮ್ಮ ವಾಕ್ಯ ಮುಗಿಯುವುದೇ ಕ್ರಿಯಾಪದದಲ್ಲಿ. 'ಎರಡೂ ಕಡೆ ವರ್ಗ ಮಾಡಿದರೆ', ಆಮೇಲೆ ಆರು ಸಾಲಿನ ಸಮೀಕರಣ, ಅದರ ಕೆಳಗೆ ಎಡ ಅಂಚಿನಲ್ಲಿ 'ಎಂದಾಗುತ್ತದೆ.' ಟೆಕ್‌ಗೆ ಇದು ತಿಳಿಯದು. ಬಿಡಿ ಸಮೀಕರಣದ ಮುಂಚೆ ಪುಟ ಒಡೆಯುವುದಕ್ಕೆ ಅದು 10000 ದಂಡ ಹಾಕಿಟ್ಟಿದೆ, ಅಂದರೆ ಪೂರ್ತಿ ನಿಷೇಧ; ಪೀಠಿಕೆಯ ಮಾತು ಒಂದು ಪುಟದಲ್ಲಿ, ಸಮೀಕರಣ ಮುಂದಿನ ಪುಟದಲ್ಲಿ ಆಗಬಾರದೆಂದು. ಸಮೀಕರಣದ ಆಮೇಲೆ ಪುಟ ಒಡೆಯಲು ದಂಡ ಸೊನ್ನೆ. ಮಾತು ಮುಗಿದಿದೆಯಲ್ಲ, ಧಾರಾಳವಾಗಿ ಒಡೆ ಎಂದು. ಇಂಗ್ಲಿಷ್ ವ್ಯಾಕರಣಕ್ಕೆ ತಕ್ಕ ದಂಡಸಂಹಿತೆ. ಕನ್ನಡದಲ್ಲಿ ಇದರ ಫಲ ಏನೆಂದರೆ, ಪುಟ ತಿರುಗಿಸಿದರೆ ನೆತ್ತಿಯಲ್ಲಿ ಒಂಟಿ 'ಎಂದಾಗುತ್ತದೆ.' ಯಾವುದು, ಏನು, ಹಿಂದಿನ ಪುಟಕ್ಕೆ ಹೋಗಿ ನೋಡಿ.

ಈಗ ಕೈಲಿರುವುದು ಕಲನಶಾಸ್ತ್ರದ ಒಂದು ಪುಸ್ತಕ. ಬರೆದವರು ಧಾರವಾಡ ಕಡೆಯ ಹುಡುಗ, ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ನಾನು ಸಮೀಕರಣದ ಆಮೇಲಿನ ದಂಡವನ್ನೂ 10000ಕ್ಕೆ ಏರಿಸಿದೆ. ಅಲೈನ್ ಒಳಗೆ ಪುಟ ಒಡೆಯುವುದು ಮೊದಲೇ ನಿಷಿದ್ಧ. ಹೀಗೆ ಮೇಲೂ ಬೀಗ, ಕೆಳಗೂ ಬೀಗ, ಒಳಗೂ ಬೀಗ. ಪೀಠಿಕೆ, ಆರು ಸಾಲು, ಕ್ರಿಯಾಪದ ಎಲ್ಲ ಸೇರಿ ಒಂದೇ ಗಡ್ಡೆಯಾಯಿತು. ಗಡ್ಡೆ ಪುಟದಲ್ಲಿ ಹಿಡಿಸದಿದ್ದರೆ ಇಡಿಯಾಗಿ ಮುಂದಿನ ಪುಟಕ್ಕೆ ಹೋಗುತ್ತದೆ, ಹಿಂದಿನ ಪುಟದ ಕೆಳಗೆ ಅಂಗೈಯಗಲ ಖಾಲಿ.

ಪ್ರೂಫ್ ನೋಡಿ ಅವರು ಫೋನ್ ಮಾಡಿದರು. "ಅಕ್ಕಾರ, ಇಷ್ಟ್ ಜಾಗಾ ಖಾಲಿ ಯಾಕ್ ಬಿಟ್ಟೀರಿ? 'ಎಂದಾಗುತ್ತದೆ' ತಗದ್ ಬಿಡೂಣಲ್ರಿ. ಬೋರ್ಡಿನ ಮ್ಯಾಲೆ ನಾ ಅದನ್ನ ಬರಿಯೂದಿಲ್ಲ, ಬರೇ ಬಾಯಾಗ ಅಂತೀನಿ."

ಬೋರ್ಡಿನ ಮುಂದೆ ನೀವಿರುತ್ತೀರಿ, ಪುಸ್ತಕದ ಮುಂದೆ ಯಾರಿರುತ್ತಾರೆ ಎಂದೆ. ಅವರು ಪೀಠಿಕೆಯ ಕೊನೆಗೆ 'ಹೀಗಾಗುತ್ತದೆ:' ಎಂದು ಬರೆದು ಎರಡು ಚುಕ್ಕೆ ಇಟ್ಟರೆ ಕ್ರಿಯಾಪದ ಮೇಲೇ ಮುಗಿಯುತ್ತದಲ್ಲ ಎಂದರು. ಒಂದೆರಡು ಕಡೆ ಸರಿ. ಪ್ರತಿ ಸಮೀಕರಣಕ್ಕೂ 'ಹೀಗಾಗುತ್ತದೆ' ಎಂದರೆ ಪುಸ್ತಕ ಪಂಚಾಂಗ ಓದಿದ ಹಾಗಿರುತ್ತದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಒಂದೇ ಸಾಲಿನ ಸಮೀಕರಣವಾದರೆ ಕ್ರಿಯಾಪದ ಅದೇ ಸಾಲಿನಲ್ಲಿ, ಒಂದು ಕ್ವಾಡ್ ಬಿಟ್ಟು. ಹಲವು ಸಾಲಿನದಾದರೆ ಕೆಳಗೆ, ಎಡಕ್ಕೆ. ಸರಪಳಿಯೇ ಉದ್ದವಾಗಿದ್ದರೆ ಮಾತ್ರ 'ಹೀಗಾಗುತ್ತದೆ'. ಪುಟದಲ್ಲಿ ಹಿಡಿಸದ ಕಡೆ ಬೀಗ ತೆಗೆಯುವುದು ಯಾವುದಕ್ಕೆ ಎಂಬುದನ್ನು ಒಂದೊಂದಾಗಿ ನೋಡಿ ಇಬ್ಬರೂ ಸೇರಿ ತೀರ್ಮಾನಿಸುವುದು.

ಐದನೇ ಅಧ್ಯಾಯ ಇನ್ನೂ ನಿಂತಿದೆ. ಅಲ್ಲಿ ಏಳು ಸಾಲಿನ ಒಂದು ಅಸಮತೆ, ಮೂರನೇ ಸಾಲಿನಲ್ಲಿ ≤. ಪುಟದಲ್ಲಿ ಜಾಗ ಇರುವುದು ಆರು ಸಾಲಿಗೆ. ≤ ಆದಮೇಲೆ ಒಡೆಯಬಹುದೆಂದು ಅವರು, ಅದರ ಮುಂಚೆಯೇ ಒಡೆದರೆ ಆ ಸಾಲು ಹೊಸ ಪುಟದ ತಲೆಗೆ ಹೋಗಿ ಎದ್ದು ಕಾಣುತ್ತದೆಂದು ನಾನು. ಎರಡೂ ಬೇಡ, ನಾಲ್ಕನೇ ಸಾಲು ಐದನೇ ಸಾಲು ಒಂದೇ ಹೆಜ್ಜೆಯಲ್ಲಿ ಬರೆಯಬಹುದೇನೋ ನೋಡುತ್ತೇನೆ ಎಂದು ನಿನ್ನೆ ಹೇಳಿದ್ದಾರೆ. ವಿದ್ಯಾರ್ಥಿಗಳಿಗೆ ಆ ಹೆಜ್ಜೆ ಬೇಕಾಗುತ್ತದೆ ಅಂತ ನನಗೆ ಅನುಮಾನ. ಅವರ ಮೇಲ್ ಬಂದ ಮೇಲೆ ಜಗಳ ಮುಂದುವರಿಸುತ್ತೇನೆ.